ಪ್ರಶ್ನೋತ್ತರ: ಪಾಯಿಂಟಿಂಗ್ ನಾಯಿಯ ಮೊದಲ ಟ್ರಯಲ್, ಜಡ್ಜ್ ಏನು ನೋಡುತ್ತಾರೆ?

ಅಡ್ಮಿನ್: ಇಂಗ್ಲೆಂಡಿನ ಫೀಲ್ಡ್ ಟ್ರಯಲ್‌ಗಳಲ್ಲಿ (ಹೊಲದಲ್ಲಿ ಬೇಟೆನಾಯಿಗಳ ಕೆಲಸ ನೋಡುವ ಸ್ಪರ್ಧೆ) ಜಡ್ಜ್ ಆಗಿರುವ ನಮ್ಮ ಗುಂಪಿನ ಹಿರಿಯರು ಇವತ್ತು ಸಂಜೆ ಉತ್ತರಿಸುತ್ತಾರೆ. ನೋವಿಸ್ ಟ್ರಯಲ್, ಅಂದರೆ ಹೊಸಬರ ಮಟ್ಟದ ಸ್ಪರ್ಧೆ ಬಗ್ಗೆ ಮಾತ್ರ ಕೇಳಿ.

ಲೀಡ್ಸ್ ಸದಸ್ಯ: ನಮಸ್ಕಾರ ಸರ್. ನೋವಿಸ್‌ನಲ್ಲಿ ಮುಖ್ಯವಾಗಿ ಏನು ನೋಡುತ್ತೀರಿ?

ಜಡ್ಜ್: ನಮಸ್ಕಾರ. ವಿಜ್ಲಾ, ವೈಮರಾನರ್, ಜರ್ಮನ್ ಶಾರ್ಟ್‌ಹೇರ್ಡ್ ಥರದ ನಾಯಿಗಳು ಒಂದೊಂದಾಗಿ ಓಡುತ್ತವೆ. ಹಕ್ಕಿ ಹುಡುಕಬೇಕು, ವಾಸನೆ ಸಿಕ್ಕ ಕಡೆ ಮೂಗು ತೋರಿಸಿ ಕದಲದೆ ನಿಲ್ಲಬೇಕು (ಇದೇ ಪಾಯಿಂಟ್), ಹೇಳಿದಾಗ ಎಬ್ಬಿಸಬೇಕು. ಹಕ್ಕಿ ಹಾರಿದಾಗ, ಗುಂಡಿನ ಸದ್ದಾದಾಗ ಜಾಗ ಬಿಟ್ಟು ಕದಲಬಾರದು. ಬಿದ್ದ ಹಕ್ಕಿಯನ್ನು ಜಜ್ಜದೆ ತಂದುಕೊಡಬೇಕು, ನೀರಿನಿಂದಲೂ ತರಬೇಕು. ಹಕ್ಕಿಯ ಹಿಂದೆ ಓಡಿದರೆ, ಬೊಗಳಿದರೆ, ಕುಂಯ್‌ಗುಟ್ಟಿದರೆ ಅಲ್ಲಿಗೆ ಮುಗಿಯಿತು.

ಬರ್ಮಿಂಗ್‌ಹ್ಯಾಮ್ ಸದಸ್ಯ: ನನ್ನ ನಾಯಿ ಪಟಾಕಿಗೆ ಹೆದರುತ್ತದೆ. ಟ್ರಯಲ್‌ಗೆ ಆಗುತ್ತಾ?

ಜಡ್ಜ್: ಈಗಲೇ ಬೇಡ. ಮೊದಲು ತುಂಬಾ ದೂರದಿಂದ ಸಣ್ಣ ಸದ್ದು, ಅದೂ ನಾಯಿ ಖುಷಿಯಾಗಿ ಓಡುತ್ತಿರುವಾಗ. ಹೆದರಲಿಲ್ಲ ಅಂದರೆ ಮಾತ್ರ ಸ್ವಲ್ಪ ಹತ್ತಿರ ಬನ್ನಿ. ವಾರಗಟ್ಟಲೆ ಹಿಡಿಯುತ್ತದೆ.

ನಾರ್ಫಕ್ ಸದಸ್ಯೆ: ಸರ್, ನನ್ನ ವಿಜ್ಲಾಗೆ ಎರಡೂವರೆ ವರ್ಷ. ನವೆಂಬರ್‌ನಲ್ಲಿ ಮೊದಲ ಟ್ರಯಲ್, ಶುಗರ್ ಬೀಟ್ ಹೊಲ. ಹತ್ತು ನಿಮಿಷ ಚೆನ್ನಾಗಿ ಓಡಿದಳು. ಆಮೇಲೆ ನಮ್ಮ ಹಿಂದೆ ಹದಿನೈದು ಹೆಜ್ಜೆ ದೂರದಲ್ಲಿ ಎರಡು ಪಾರ್ಟ್‌ರಿಜ್ (ಗೌಜಲದಂಥ ಹಕ್ಕಿ) ಭರ್ರನೆ ಎದ್ದವು. ಜಡ್ಜ್ ಥ್ಯಾಂಕ್ಸ್ ಹೇಳಿ, ನಾಯಿಗೆ ಹಗ್ಗ ಹಾಕಿ ಅಂದರು. ಅಲ್ಲಿಗೆ ಔಟ್. ಅವಳ ಮೂಗು ತುಂಬಾ ಚುರುಕು. ಇದು ಅನ್ಯಾಯ ಅಲ್ವಾ?

ಜಡ್ಜ್: ಗಾಳಿ ಯಾವ ಕಡೆಯಿಂದ ಬರುತ್ತಿತ್ತು?

ಲಂಡನ್ ಸದಸ್ಯ: ಫಾರ್ವರ್ಡ್ ಬಂದಿದ್ದು: ಟ್ರಯಲ್‌ಗೆ ಮುಂಚೆ ನಾಯಿಯ ಮೂಗಿಗೆ ಎರಡು ಹನಿ ನೀಲಗಿರಿ ಎಣ್ಣೆ ಸವರಿದರೆ ವಾಸನೆ ಡಬಲ್ ಆಗುತ್ತದಂತೆ 🙏

ಜಡ್ಜ್: ಯಾರೂ ಮಾಡಬೇಡಿ. ನೀಲಗಿರಿ ಎಣ್ಣೆ ನಾಯಿಗೆ ವಿಷ. ಮೂಗಿಗೆ ಹಚ್ಚಿದ್ದನ್ನು ಅದು ನೆಕ್ಕದೆ ಬಿಡುತ್ತದಾ? ಆ ಘಾಟಿನಲ್ಲಿ ಹಕ್ಕಿಯ ವಾಸನೆ ಎಲ್ಲಿ ಸಿಗಬೇಕು? ದಯವಿಟ್ಟು ಅಳಿಸಿ.

ನಾರ್ಫಕ್ ಸದಸ್ಯೆ: ಗಾಳಿ ನನ್ನ ಬೆನ್ನಿಗೆ ಹೊಡೆಯುತ್ತಿತ್ತು ಸರ್. ಅವಳು ನೇರ ಮುಂದಕ್ಕೆ ದೂರ ಓಡುತ್ತಿದ್ದಳು. ಕೈಮೀರಬಾರದು ಅಂತ ಸೀಟಿ ಊದಿ ವಾಪಸ್ ಕರೆಯುತ್ತಿದ್ದೆ. ನಾಲ್ಕೈದು ಸಲ ಕರೆದಿರಬಹುದು.

ಜಡ್ಜ್: ಅಲ್ಲೇ ಇದೆ ನೋಡಿ. ನಾನು ಅಲ್ಲಿರಲಿಲ್ಲ, ಆ ಜಡ್ಜ್ ತೀರ್ಪನ್ನು ತಿದ್ದುವುದಿಲ್ಲ. ಆದರೆ ನಿಮ್ಮ ನಾಯಿ ಬಗ್ಗೆ ಹೇಳಲೇಬೇಕು.

ಗಾಳಿ ಎದುರಿಗಿದ್ದರೆ ಹಕ್ಕಿಯ ವಾಸನೆ ನಾಯಿಯ ಕಡೆಗೇ ಬರುತ್ತದೆ. ಆಗ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತಾ ಮುಂದೆ ಸಾಗಿದರೆ ಸಾಕು. ಗಾಳಿ ಬೆನ್ನಿಗಿದ್ದರೆ ವಾಸನೆ ಹಕ್ಕಿಯಿಂದ ಆಚೆಗೆ ಹೋಗುತ್ತದೆ. ಹಾಗಾಗಿ ತಿಳಿದ ನಾಯಿ ಮೊದಲು ದೂರ ಓಡಿ, ಅಲ್ಲಿಂದ ತಿರುಗಿ, ಎಡಬಲ ಹೊಲ ಜಾಲಾಡುತ್ತಾ ನಿಮ್ಮ ಕಡೆಗೆ ಬರುತ್ತದೆ. ನಿಮ್ಮ ಹುಡುಗಿ ಹೊರಟಿದ್ದೇ ಆ ಕೆಲಸಕ್ಕೆ! ನೀವು ಸೀಟಿ ಊದಿದಿರಿ. ಅವಳು ಒಳ್ಳೆಯವಳು, ಕರೆದ ತಕ್ಷಣ ನೇರ ಗೆರೆಯಲ್ಲಿ ಬಂದಳು. ಆ ಗೆರೆಯ ಎರಡೂ ಪಕ್ಕದ ಹೊಲ ಅವಳ ಮೂಗಿಗೆ ಸಿಗಲೇ ಇಲ್ಲ. ನೀವು ನಡೆದು ದಾಟಿದಿರಿ. ಹಕ್ಕಿಗಳು ಬೀಟ್ ಎಲೆಯಡಿ ಮುದುರಿ ಕೂತಿದ್ದವು, ಗುಂಪು ದಾಟಿದ ಮೇಲೆ ಎದ್ದವು.

ನಿಮಗೆ ಕೊಟ್ಟ ಜಾಗದಲ್ಲಿ ಹಕ್ಕಿ ಬಿಟ್ಟು ಹೋದರೆ ನಾಯಿ ಹೊರಗೆ. ನಿಯಮ ಅದೇ. ನಾನಾಗಿದ್ದರೆ ನನ್ನ ಜೊತೆಯ ಜಡ್ಜ್ ಹತ್ತಿರ ಒಂದು ಮಾತು ಕೇಳುತ್ತಿದ್ದೆ: ಆ ಜಾಗದಲ್ಲಿ ನಾಯಿಗೆ ವಾಸನೆ ಹಿಡಿಯುವ ಅವಕಾಶ ಇತ್ತಾ? ಆದರೂ ನಿಮ್ಮನ್ನು ಉಳಿಸುತ್ತಿದ್ದೆ ಅಂತ ಮಾತು ಕೊಡಲಾರೆ. ಟ್ರಯಲ್‌ನಲ್ಲಿ ನಾಯಿ, ನಡೆಸುವವರು ಇಬ್ಬರೂ ಒಂದೇ ಲೆಕ್ಕ.

ಬಾಗಲಕೋಟೆ ಸದಸ್ಯ: ನಮ್ಮ ಮುಧೋಳ ನಾಯಿಗೆ ಇಷ್ಟೆಲ್ಲ ಪಾಠ ಬೇಕಿಲ್ಲ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ ಅದು.

ಲೀಡ್ಸ್ ಸದಸ್ಯ: ಮುಧೋಳ ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗುವ ನಾಯಿ. ಇಲ್ಲಿ ಹಾಗೆ ಓಡಿದರೆ ಔಟ್. ಎರಡಕ್ಕೂ ಹೋಲಿಕೆ ಯಾಕೆ?

ಬಾಗಲಕೋಟೆ ಸದಸ್ಯ: ಫಾರಿನ್‌ನಲ್ಲಿ ಕೂತು ನಮ್ಮ ತಳಿಗೆ ಬೆಲೆ ಕಟ್ಟಬೇಡಿ.

ಮೈಸೂರು ಸದಸ್ಯೆ: ಸ್ಪರ್ಧೆಗೋಸ್ಕರ ಹಕ್ಕಿ ಕೊಲ್ಲುವುದನ್ನು ಇಷ್ಟು ಹೆಮ್ಮೆಯಿಂದ ಮಾತಾಡುತ್ತೀರಲ್ಲ?

ಲೀಡ್ಸ್ ಸದಸ್ಯ: ನೀವು ಕೋಳಿ ತಿನ್ನಲ್ವಾ?

ಮೈಸೂರು ಸದಸ್ಯೆ: ತಿನ್ನಲ್ಲ. ನನ್ನ ಊಟದ ಮಾತು ಬೇಡ.

ಬೆಳಗಾವಿ ಸದಸ್ಯ: ಸರ್, ನಮ್ಮ ಕಡೆ ಗೌಜಲ ಹಕ್ಕಿ ಮೇಲೆ ಪ್ರಾಕ್ಟೀಸ್ ಮಾಡಿಸಬಹುದಾ?

ಜಡ್ಜ್: ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ಕಾಡುಹಕ್ಕಿ ಬೇಟೆ ಅಪರಾಧ. ಡಮ್ಮಿ (ಹಕ್ಕಿಯ ಬದಲು ಎಸೆದು ತರಿಸುವ ವಸ್ತು) ಬಳಸಿ.

ಕೊವೆಂಟ್ರಿ ಸದಸ್ಯ: ನಾಯಿ ಹಕ್ಕಿ ಜಜ್ಜುತ್ತದೆ ಅಂತ ಹೇಗೆ ತೀರ್ಮಾನಿಸುತ್ತೀರಿ? ಡಮ್ಮಿಗೆ ಮೊಳೆ ಚುಚ್ಚಿದರೆ ಬಾಯಿ ಮೆತ್ತಗಾಗುತ್ತದೆ ಅಂತ ಒಂದು ಮೆಸೇಜ್ ಬಂದಿದೆ.

ಜಡ್ಜ್: ಹಕ್ಕಿಯನ್ನು ಎದೆ ಮೇಲಾಗಿ ಅಂಗೈ ಮೇಲೆ ಇಟ್ಟುಕೊಳ್ಳುತ್ತೇನೆ, ತಲೆ ಮುಂದಕ್ಕೆ. ಹೆಬ್ಬೆರಳು, ತೋರುಬೆರಳಿನಿಂದ ಎರಡೂ ಕಡೆ ಪಕ್ಕೆಲುಬು ಮುಟ್ಟಿ ನೋಡುತ್ತೇನೆ. ದುಂಡಗೆ, ಗಟ್ಟಿಯಾಗಿ ಇರಬೇಕು. ಒಳಕ್ಕೆ ಕುಸಿದಿದ್ದರೆ ನಾಯಿ ಹೊರಗೆ, ಅದರಲ್ಲಿ ದಾಕ್ಷಿಣ್ಯ ಇಲ್ಲ. ಬಾಲದ ಕಡೆ ಚರ್ಮ ಹರಿದಿದ್ದರೆ ಮಾತ್ರ ಅವಸರ ಪಡುವುದಿಲ್ಲ. ಗಾಯಗೊಂಡು ಓಡುವ ಹಕ್ಕಿಯನ್ನು ಹಿಡಿಯುವಾಗ ಹಾಗಾಗುತ್ತದೆ. ಮೊಳೆ ವಿಷಯ: ಬಾಯಿಗೆ ಚುಚ್ಚಿಸಿಕೊಂಡ ನಾಯಿ ಆಮೇಲೆ ಏನನ್ನೂ ಎತ್ತಿ ತರುವುದಿಲ್ಲ. ಇಂಥ ಮೆಸೇಜ್ ಇಲ್ಲಿ ಹಾಕಬೇಡಿ.

ರೆಡಿಂಗ್ ಸದಸ್ಯ: ಸರ್, ಪಟಾಕಿಗೆ ಹೆದರುವ ನಾಯಿಗೆ ಏನು ಮಾಡಬೇಕು?

ಜಡ್ಜ್: ಮೇಲೆ ಬರೆದಿದ್ದೇನೆ.

ಲಂಡನ್ ಸದಸ್ಯ: ಊಟದ ತಟ್ಟೆ ಪಕ್ಕ ಪಟಾಕಿ ಹಚ್ಚಿದರೆ ಮೂರು ದಿನದಲ್ಲಿ ಸರಿಹೋಗುತ್ತಂತೆ.

ಜಡ್ಜ್: ಹೋಗಲ್ಲ. ಊಟವನ್ನೂ ಬಿಡುತ್ತದೆ. ಇದು ನಿಮ್ಮ ಎರಡನೇ ಫಾರ್ವರ್ಡ್. ಮೊದಲನೆಯದು ಇನ್ನೂ ಅಳಿಸಿಲ್ಲ.

ಹಾಸನ ಸದಸ್ಯ: ಪಾಯಿಂಟರ್ ಮರಿ ಎಷ್ಟಕ್ಕೆ ಸಿಗುತ್ತೆ?

ಸ್ವಾನ್ಸೀ ಸದಸ್ಯೆ: ಮರಿಗೆ ಯಾವ ತಿಂಗಳಿಂದ ನೀರಿನ ಪಾಠ ಶುರು ಮಾಡಬೇಕು ಸರ್?

ಬಾಗಲಕೋಟೆ ಸದಸ್ಯ: ಮುಧೋಳ ಬಗ್ಗೆ ಅಂದ ಮಾತಿಗೆ ಲೀಡ್ಸ್‌ನವರು ಕ್ಷಮೆ ಕೇಳಲಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಮ್ಯೂಟ್ ಮಾಡುತ್ತೇನೆ.

ನಾರ್ಫಕ್ ಸದಸ್ಯೆ: ಸರ್, ಆ ದಿನದಿಂದ ಅವಳ ಮೇಲೆ ಮುನಿಸಿಕೊಂಡಿದ್ದೆ. ಈಗ ಹೇಗೆ ಅಭ್ಯಾಸ ಮಾಡಿಸಲಿ?

ಜಡ್ಜ್: ಬೆಳಿಗ್ಗೆ ಖಾಲಿ ಹೊಲಕ್ಕೆ ಕರೆದುಕೊಂಡು ಹೋಗಿ. ಒಣ ಹುಲ್ಲು ಪುಡಿ ಮಾಡಿ ಗಾಳಿಗೆ ಬಿಟ್ಟು ನೋಡಿ. ಗಾಳಿ ಬೆನ್ನಿಗೆ ಮಾಡಿಕೊಂಡು ನಿಂತು, ಅವಳನ್ನು ಬಿಡಿ. ಸೀಟಿ ಜೇಬಿನಲ್ಲೇ ಇರಲಿ. ದೂರ ಹೋಗಿ ತಾನಾಗಿ ತಿರುಗುತ್ತಾಳಾ ನೋಡಿ. ಅವಳು ನಿಮ್ಮ ಹತ್ತಿರ ಬರುವ ತನಕ ನೀವು ಒಂದು ಹೆಜ್ಜೆಯೂ ಮುಂದಿಡಬೇಡಿ. ವಿಡಿಯೊ ನನಗೆ ಕಳಿಸಿ.