ಹೊಟ್ಟೆಯ ಬೊಜ್ಜಿಗೂ ಮರೆವಿಗೂ ಎಲ್ಲಿಯ ಸಂಬಂಧ ಡಾಕ್ಟ್ರೇ?

ಪ್ರಶ್ನೆ (ಬದಿಯಡ್ಕ ಕಡೆಯಿಂದ): ನಮಸ್ಕಾರ ಡಾಕ್ಟ್ರೇ. ನನಗೆ 51 ವರ್ಷ. ಸ್ವಲ್ಪ ಅಡಿಕೆ ತೋಟ, ಪೇಟೆಯಲ್ಲಿ ಒಂದು ಅಂಗಡಿ. ದಿನವಿಡೀ ಕೂತೇ ಇರುತ್ತೇನೆ. ಎತ್ತರ ಐದೂವರೆ ಅಡಿ, ತೂಕ 94 ಕೆಜಿ. ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಹೋದ ತಿಂಗಳು ಕರ್ಣನ ಅರ್ಥ ಹೇಳುವಾಗ ಎದುರಿನವರು ಕೇಳಿದ ಪ್ರಶ್ನೆಯೇ ಮರೆತುಹೋಯಿತು. ಭಾಗವತರು ಪದ ಎತ್ತಿ ಮಾನ ಉಳಿಸಿದರು. ಅಂಗಡಿಯಲ್ಲೂ ಗುರುತಿನವರ ಹೆಸರು ನಾಲಿಗೆಗೆ ಬರುವುದಿಲ್ಲ. ಬೊಜ್ಜಿನಿಂದ ಮಿದುಳಿಗೆ ಉರಿಯೂತ ಆಗುತ್ತದೆ ಎಂದು ಮಗಳು ಹೆದರಿಸುತ್ತಾಳೆ. ಹೌದಾ?

ಉತ್ತರ: ಮಗಳು ಹೇಳಿದ್ದರಲ್ಲಿ ಹುರುಳಿದೆ ಅಣ್ಣ. ಆದರೆ ನಿಮ್ಮ ಮರೆವಿಗೆ ಅದೇ ಕಾರಣ ಎಂದು ಈಗಲೇ ಹೇಳಲಾರೆ.

ಕೊಬ್ಬು ಎಂದರೆ ಅಟ್ಟದಲ್ಲಿಟ್ಟ ಅಡಿಕೆ ಮೂಟೆಯ ಹಾಗೆ ಸುಮ್ನೆ ಬಿದ್ದಿರುವ ದಾಸ್ತಾನು ಎಂದು ನಾವು ವೈದ್ಯರೂ ಬಹಳ ಕಾಲ ತಿಳಿದಿದ್ದೆವು. ಹಾಗಲ್ಲ. ಅದು ರಕ್ತಕ್ಕೆ ಏನೇನೋ ಬಿಡುತ್ತಲೇ ಇರುತ್ತದೆ. ಅದರಲ್ಲೂ ಕರುಳು, ಲಿವರ್ ಸುತ್ತ ಕೂರುವ ಕೊಬ್ಬಿನದು ತಂಟೆ ಜಾಸ್ತಿ. ಕೊಬ್ಬಿನ ಕೋಶಗಳು ಉಬ್ಬಿ ಉಬ್ಬಿ ಕೆಲವು ಸಾಯುತ್ತವೆ. ಅವನ್ನು ಚೊಕ್ಕ ಮಾಡಲು ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 6 ಎಂಬ ಉರಿಯೂತದ ಸಂದೇಶಗಳು ಅಲ್ಲಿಂದ ಹೊರಡುತ್ತವೆ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಜಾಸ್ತಿ ಇದೆ ಎಂದು ಗೊತ್ತಾದದ್ದು 1993ರಲ್ಲಿ. ಗಾಯದ ಉರಿಯೂತ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇದು ಉಮಿಗೆ ಬಿದ್ದ ಬೆಂಕಿ. ಹೊಗೆಯೂ ಕಾಣದೆ ವರ್ಷಗಟ್ಟಲೆ ಒಳಗೇ ಕಾಯುತ್ತಿರುತ್ತದೆ.

ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿಯಾದ ತಡೆ ಇದೆ. ಈ ಕಾವು ಅದನ್ನೂ ಸಡಿಲ ಮಾಡಬಲ್ಲದು. ಆಗ ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಕೆರಳುತ್ತವೆ. ಅವು ನರಕೋಶಗಳ ನಡುವಿನ ಕೊಂಡಿಗಳನ್ನೇ ತಿಂದುಹಾಕುವುದು ಬೊಜ್ಜಿನ ಇಲಿಗಳಲ್ಲಿ ಕಂಡಿದೆ. ಪೆಟ್ಟು ಬೀಳುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು, ಹೊಸ ನೆನಪನ್ನು ಗಟ್ಟಿ ಮಾಡುವ ಜಾಗವೇ ಅದು. ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ಬಿಪಿ ಏರಿ, ಸಣ್ಣ ರಕ್ತನಾಳಗಳೂ ಕೆಡುತ್ತವೆ. ಮರೆಗುಳಿತನದ (ಡಿಮೆನ್ಷಿಯಾ) ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ತಂದ ವರದಿಯಲ್ಲಿ ನಾವು ಬದಲಿಸಬಹುದಾದ 14 ಕಾರಣಗಳಿವೆ. ನಡುವಯಸ್ಸಿನ ಬೊಜ್ಜು ಅದರಲ್ಲಿದೆ.

ಈಗ ನಿಮ್ಮ ವಿಷಯ. ಹೆಸರು ಮರೆತದ್ದಕ್ಕೆ ನಾನು ಹೆದರುವುದಿಲ್ಲ. ನಿಮ್ಮ ಮನೆಯವರಿಗೆ ಒಂದು ಪ್ರಶ್ನೆ: ನೀವು ಗೊರಕೆ ಹೊಡೆಯುತ್ತೀರಾ? ನಡುವೆ ಉಸಿರು ಕಟ್ಟಿದ ಹಾಗೆ ನಿಂತು, ಆಮೇಲೆ ಎಳೆದುಕೊಳ್ಳುತ್ತೀರಾ? ಹೌದಾದರೆ ನಿದ್ದೆಯೇ ಸರಿ ಆಗುತ್ತಿಲ್ಲ, ಮರುದಿನ ತಲೆ ಓಡುವುದಾದರೂ ಹೇಗೆ? ಬಿ12, ಥೈರಾಯ್ಡ್, ಸಕ್ಕರೆ, ಬಿಪಿ ಇಷ್ಟನ್ನು ಮೊದಲು ನೋಡಿಸಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆ ಇರುವುದು ನಾನು ವಾರಕ್ಕೆ ಎರಡು ಸಲವಾದರೂ ನೋಡುವ ಸಂಗತಿ. ಅದು ಸುಲಭವಾಗಿ ಸರಿಹೋಗುವಂಥದ್ದು.

ಸೊಂಟದ ಸುತ್ತಳತೆಯನ್ನೂ ಬರೆದು ಕಳಿಸಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು.

ಪ್ರಶ್ನೆ (ಕುಂಬಳೆಯಿಂದ): ಡಾಕ್ಟ್ರೇ, ನಡುವೆ ಬಾಯಿ ಹಾಕುತ್ತೇನೆ. ಉರಿಯೂತ ಇಳಿಯಲು ಅರಿಶಿನದ ಕ್ಯಾಪ್ಸೂಲ್ ತಿನ್ನಬಹುದಾ? ಉರಿಯೂತ ಎಷ್ಟಿದೆ ಎಂದು ತಿಳಿಯಲು ರಕ್ತದ ಸಿಆರ್‌ಪಿ ಟೆಸ್ಟ್ ಮಾಡಿಸಲಾ?

ಉತ್ತರ: ಅಕ್ಕಾ, ಸಾರಿಗೆ ಹಾಕುವ ಅರಿಶಿನ ಹಾಕಿ. ಕ್ಯಾಪ್ಸೂಲ್ ಬೇಡ. ಮರೆವಿಗೆ ಅದು ಮದ್ದು ಎಂದು ಸಾಬೀತಾಗಿಲ್ಲ, ಕೆಲವರಿಗೆ ಲಿವರ್ ಕೆಟ್ಟದ್ದೂ ಇದೆ. ಸಿಆರ್‌ಪಿ ಶೀತ, ಹಲ್ಲಿನ ಸೋಂಕಿಗೂ ಏರುತ್ತದೆ. ಎಲ್ಲಿ ಬೆಂಕಿ ಎಂದು ಅದು ಹೇಳುವುದಿಲ್ಲ.

ಆ ದುಡ್ಡಿಗೆ ಒಂದು ಜೊತೆ ಚಪ್ಪಲಿ ತೆಗೆದುಕೊಂಡು ನಡೆಯಿರಿ. 2011ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ 120 ಹಿರಿಯರಿದ್ದರು. ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ಸುಮಾರು ಶೇಕಡಾ 2 ದೊಡ್ಡದಾಯಿತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದು ಅಷ್ಟರಲ್ಲಿ ಕುಗ್ಗಿತು. ಊಟದಲ್ಲಿ ನನ್ನ ಜಗಳ ಕುಚ್ಚಲಕ್ಕಿಯ ಜೊತೆಗಲ್ಲ, ಮೂರನೇ ಸಲ ಬಡಿಸಿಕೊಳ್ಳುವ ಕೈಯ ಜೊತೆ. ಸಂಜೆ ಚಹಾಕ್ಕೆ ಬಾಳೆಕಾಯಿ ಚಿಪ್ಸಿನ ಡಬ್ಬಿ ಬರುತ್ತದಲ್ಲ, ಅದರ ಜೊತೆಗೂ.

ಪ್ರಶ್ನೆ (ಪೆರ್ಲದಿಂದ): ನನ್ನ ಅಮ್ಮನಿಗೆ 78. ಮರೆವು ಶುರುವಾಗಿದೆ. ಆರು ತಿಂಗಳಲ್ಲಿ ಆರು ಕೆಜಿ ಇಳಿದಿದ್ದಾರೆ. ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ! ಮೇಲೆ ಹೇಳಿದ್ದು ನಡುವಯಸ್ಸಿನವರಿಗೆ. ಈ ವಯಸ್ಸಿನಲ್ಲಿ ತಾನಾಗಿ ತೂಕ ಇಳಿದರೆ ಕಾರಣ ಹುಡುಕಲೇಬೇಕು. ಮರೆಗುಳಿತನಕ್ಕೆ ಮುಂಚೆಯೂ ತೂಕ ಇಳಿಯುವುದುಂಟು. ಊಟ ಕಡಿಮೆ ಮಾಡಿಸಬೇಡಿ, ಈ ವಾರವೇ ಡಾಕ್ಟರರಿಗೆ ತೋರಿಸಿ.

ಬದಿಯಡ್ಕದವರು: ಗೊರಕೆ ಇದೆಯಂತೆ. ಉಸಿರು ನಿಂತಾಗ ಹೆಂಡತಿ ನನ್ನನ್ನು ಅಲುಗಾಡಿಸುತ್ತಾಳಂತೆ, ನನಗೆ ಇವತ್ತೇ ಗೊತ್ತಾದದ್ದು. ಟೈಲರ್ ಟೇಪಿನಲ್ಲಿ ಅಳೆದೆ. 97.

ಉತ್ತರ: ಹಾಗಾದರೆ ಮೊದಲು ನಿದ್ದೆಯ ಪರೀಕ್ಷೆ. ಅಂದಹಾಗೆ, 97 ಎಲ್ಲಿ ಅಳೆದದ್ದು?

ಬದಿಯಡ್ಕದವರು: ಲುಂಗಿ ಕಟ್ಟುವಲ್ಲಿ.

ಉತ್ತರ: ಲುಂಗಿ ಹೊಟ್ಟೆಯ ಕೆಳಗಿರುತ್ತದೆ ಅಣ್ಣ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಬದಿಯಡ್ಕದವರು: 108.