21ಕ್ಕೆ ಮೇಯರ್ ಆದವರನ್ನು ಕಂಡು ವಾರ್ಡಿಗೆ ನಿಲ್ಲುತ್ತೇನೆ ಎನ್ನುವ ಮಗಳು: ಅನುಭವವಿದ್ದವರು ತಿಳಿಸಿ

ಕೇಳಿದವರು: ಮಡಿಕೇರಿಯ ಒಬ್ಬ ತಂದೆ

ನನ್ನ ಮಗಳಿಗೆ ಈಗ 24 ವರ್ಷ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತಿರುವನಂತಪುರದ ಆರ್ಯಾ ರಾಜೇಂದ್ರನ್ 2020ರ ಡಿಸೆಂಬರ್‌ನಲ್ಲಿ 21ನೆಯ ವಯಸ್ಸಿಗೆ ಮೇಯರ್ ಆದದ್ದನ್ನು ನೋಡಿದಾಗಿನಿಂದ ಅವಳ ತಲೆಯಲ್ಲಿ ಇದೊಂದೇ ಕುಳಿತಿದೆ. ಈಗ ಕೆಲಸ ಬಿಟ್ಟು ಊರಿಗೆ ಬಂದು ಮುಂದಿನ ನಗರಸಭೆ ಚುನಾವಣೆಗೆ ನಿಲ್ಲುವುದಾಗಿ ಹೇಳುತ್ತಿದ್ದಾಳೆ. ನಮ್ಮ ಕುಟುಂಬದಲ್ಲಿ ರಾಜಕೀಯ ಮಾಡಿದವರಿಲ್ಲ, ಯಾವ ಪಕ್ಷದವರ ಬಳಕೆಯೂ ಇಲ್ಲ. ಖರ್ಚು ಎಷ್ಟಾಗುತ್ತದೆ, ಗೆದ್ದರೆ ಆ ವಯಸ್ಸಿನವರ ಮಾತು ನಡೆಯುತ್ತದೆಯೇ, ಸೋತರೆ ಮುಂದೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ ಕೊಡಗಿನ ಪಕ್ಷೇತರ

ಮೊದಲು ಖರ್ಚಿನ ಮಾತು. ನಾನು ನಿಂತ ಕಾಲಕ್ಕೆ ನಗರಸಭೆಗೆ 2 ಲಕ್ಷ, ಪುರಸಭೆಗೆ 1.5 ಲಕ್ಷ, ಪಟ್ಟಣ ಪಂಚಾಯಿತಿಗೆ 1 ಲಕ್ಷ ರೂಪಾಯಿ ವೆಚ್ಚದ ಮಿತಿ ಇತ್ತು. ನಾನು ಪಟ್ಟಣ ಪಂಚಾಯಿತಿಗೆ ನಿಂತವನು. ಕರಪತ್ರಕ್ಕೆ 7,500, ಮೈಕ್ ಕಟ್ಟಿದ ಆಟೊಗೆ ದಿನಕ್ಕೆ 1,800, ಜತೆಗೆ ಓಡಾಡಿದ ಹುಡುಗರ ಊಟ, ಚಹಾ, ಪೆಟ್ರೋಲಿಗೆ ಒಟ್ಟು 31,000, ಮತದಾನದ ದಿನ ಪೆಂಡಾಲು ಮತ್ತು ಕುರ್ಚಿಗೆ 4,200. ಇವೆಲ್ಲ ಲೆಕ್ಕಪತ್ರದಲ್ಲಿ ಬರೆಯುವ ಖರ್ಚುಗಳು, ಮಿತಿಯೊಳಗೇ ಮುಗಿದವು. ಮನುಷ್ಯನನ್ನು ಮುಳುಗಿಸುವುದು ಚುನಾವಣೆ ಘೋಷಣೆಯಾಗುವುದಕ್ಕೆ ಒಂದು ವರ್ಷ ಮೊದಲೇ ಶುರುವಾಗುವ ಖರ್ಚು. ‘ಈ ಸಲ ನಿಲ್ಲುತ್ತಾರಂತೆ’ ಎಂಬ ಸುದ್ದಿ ಹರಡಿದ ವಾರದಲ್ಲಿಯೇ ಕ್ರೀಡಾಕೂಟದವರು ಬಂದು 15,000 ಒಯ್ದರು, ದೇವಸ್ಥಾನದ ವಾರ್ಷಿಕೋತ್ಸವದವರು 10,000 ಒಯ್ದರು, ಗಣೇಶೋತ್ಸವದವರು ಮೂರು ಕಡೆಯವರು ಬಂದರು, ಮದುವೆ ಮತ್ತು ತಿಥಿಗಳ ಮಾತು ಬೇರೆ. ಇದಕ್ಕಾಗಿ ನಾನು ತೋಟದ ಅಂಚಿನ ಸಿಲ್ವರ್ ಓಕ್ ಮರಗಳನ್ನು ಕಡಿಸಿ ಮಾರಿದೆ. ಮರ ಬಿದ್ದಾಗ ಅದಕ್ಕೆ ಹಬ್ಬಿದ್ದ ಫಸಲಿನ ಮೆಣಸಿನ ಬಳ್ಳಿ ಬುಡಸಮೇತ ನೆಲಕ್ಕೆ ಬಂತು. ವ್ಯಾಪಾರಿ ಮರದ ಬೆಲೆ ಕೊಟ್ಟನೇ ಹೊರತು ಬಳ್ಳಿಯ ಬೆಲೆಯನ್ನು ಯಾರೂ ಕೊಡಲಿಲ್ಲ. 41 ಮತಗಳಿಂದ ಸೋತೆ. ಕ್ರೀಡಾಕೂಟದ ಹುಡುಗರಲ್ಲಿ ಅರ್ಧದಷ್ಟು ಮಂದಿಯ ಹೆಸರು ಪಕ್ಕದ ವಾರ್ಡಿನ ಮತದಾರರ ಪಟ್ಟಿಯಲ್ಲಿತ್ತು ಎಂಬುದು ಆಮೇಲೆ ತಿಳಿಯಿತು.

ದಕ್ಷಿಣ ಕೊಡಗಿನ ಮಾಜಿ ಸದಸ್ಯೆ

ಮೇಲಿನ ಸಹೋದರರು ಸೋಲಿನ ಲೆಕ್ಕವನ್ನಷ್ಟೇ ಕೊಟ್ಟಿದ್ದಾರೆ. ನಾನು 26ನೆಯ ವಯಸ್ಸಿನಲ್ಲಿ, ಮಹಿಳಾ ಮೀಸಲು ವಾರ್ಡಿನಿಂದ, ಪಕ್ಷದ ಬಿ ಫಾರಂ ಪಡೆದು ಗೆದ್ದವಳು. ಮೊದಲ ವರ್ಷವಿಡೀ ಜನರು ನನ್ನ ಯಜಮಾನರನ್ನೇ ‘ಮೆಂಬರ್ರೇ’ ಎಂದು ಕರೆದರು. ಅರ್ಜಿಯನ್ನು ನನ್ನ ಮುಂದೆಯೇ ಅವರ ಕೈಗೆ ಕೊಡುತ್ತಿದ್ದರು. ಅದಕ್ಕೆ ನಾನು ಜಗಳವಾಡಲಿಲ್ಲ, ಅವರನ್ನು ಕಚೇರಿಯ ಗೇಟಿನಿಂದ ಒಳಗೆ ಬಿಡುವುದನ್ನು ನಿಲ್ಲಿಸಿದೆ, ಅಷ್ಟೇ.

ನನ್ನ ಆದ್ಯತೆ ನೀರು. ಏರಿನ ಮೇಲಿನ ಮನೆಗಳಿಗೆ ಬೇಸಿಗೆಯಲ್ಲಿ ನೀರು ಹತ್ತುತ್ತಿರಲಿಲ್ಲ. ಹೊಸ ಪೈಪು, ಹೊಸ ಮೋಟಾರು, ಹೊಸ ಟ್ಯಾಂಕು ಎಂದು ಲಕ್ಷಾಂತರದ ಅಂದಾಜುಪಟ್ಟಿ ತಯಾರಾಗಿತ್ತು. ನಾನು ಬೆಳಗಿನ ಜಾವ ನೀರುಗಂಟಿಯ ಜತೆ ನಿಂತು ನೋಡಿದಾಗ, ಆತ ತನಗೆ ಹತ್ತಿರವೆಂದು ಇಳಿಜಾರಿನ ವಾಲ್ವನ್ನು ಮೊದಲು ತಿರುಗಿಸುತ್ತಿದ್ದ. ಕೆಳಗಿನ ತೊಟ್ಟಿಗಳೆಲ್ಲ ತುಂಬಿ ಹರಿದ ಮೇಲೆ ಏರಿನ ವಾಲ್ವ್ ತೆರೆದರೆ ಒತ್ತಡವೆಲ್ಲಿ ಉಳಿದೀತು? ಸರದಿ ತಿರುವುಮುರುವು ಮಾಡಿಸಿದೆವು, ನೀರು ಹತ್ತಿತು. ಇಂಥದ್ದನ್ನು ಮಾಡಲು ವಯಸ್ಸೂ ಬೇಡ, ಅನುದಾನವೂ ಬೇಡ. ಆದರೆ ಆ ಅಂದಾಜುಪಟ್ಟಿ ರದ್ದಾದದ್ದಕ್ಕೆ ಕಚೇರಿಯಲ್ಲಿ ಕೆಲವರ ಮುಖ ಕಪ್ಪಿಟ್ಟಿತು. ನನ್ನ ವಾರ್ಡಿನ ಕಡತಗಳು ಅಂದಿನಿಂದ ಮೇಜಿನಿಂದ ಮೇಜಿಗೆ ತೆವಳತೊಡಗಿದವು.

ನಿವೃತ್ತ ನೌಕರ, ಪುರಸಭೆಯೊಂದರ ಕಂದಾಯ ಶಾಖೆ

ಮೇಡಂ, ಕಡತ ತೆವಳಿತು ಎಂದು ಬರೆಯುವುದು ಸುಲಭ. ಸದಸ್ಯರ ಬಾಯಿಮಾತಿನ ಮೇಲೆ ಇ-ಖಾತಾ ಮಾಡಿಕೊಟ್ಟ ನನ್ನ ಸಹೋದ್ಯೋಗಿ ಅಮಾನತಾಗಿ ಅರ್ಧ ಸಂಬಳದಲ್ಲಿ ಮಕ್ಕಳ ಶುಲ್ಕ ಕಟ್ಟಿದಾಗ, ಮಾತು ಕೊಟ್ಟ ಸದಸ್ಯರು ಫೋನನ್ನೂ ಎತ್ತಲಿಲ್ಲ. ಭೂ ಪರಿವರ್ತನೆಯಾಗದ ಜಾಗಕ್ಕೆ ಖಾತೆ ಕೊಡಿಸುತ್ತೇನೆಂದು ಮನೆಮನೆಗೆ ಹೇಳಿ ಗೆದ್ದು ಬರುತ್ತೀರಿ. ಸಹಿ ಹಾಕುವವರು ನಾವು, ಲೋಕಾಯುಕ್ತಕ್ಕೆ ಉತ್ತರಿಸುವವರೂ ನಾವು. ಪ್ರಶ್ನೆ ಕೇಳಿದ ತಂದೆಯವರು ಮಗಳಿಗೆ ಮೊದಲು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ನ್ನು ಓದಿಸಲಿ. ಯಾವ ಅಧಿಕಾರ ಮಂಡಳಿಯದು, ಯಾವುದು ಪೌರಾಯುಕ್ತರದು ಎಂದು ಐದು ವರ್ಷ ಮುಗಿದರೂ ತಿಳಿಯದ ಸದಸ್ಯರನ್ನು ನಾನು ಕಂಡಿದ್ದೇನೆ.

ದಕ್ಷಿಣ ಕೊಡಗಿನ ಮಾಜಿ ಸದಸ್ಯೆ

ಹಿರಿಯರೇ, ನಾನು ಖಾತೆಯ ಮಾತೆತ್ತಿಲ್ಲ, ನೀರಿನ ಮಾತನ್ನಾಡಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಅಗತ್ಯವೇನಿತ್ತು?

ತಿರುವನಂತಪುರದಲ್ಲಿ ನೆಲೆಸಿರುವ ವಿರಾಜಪೇಟೆಯ ಶುಶ್ರೂಷಕಿ

ಇಲ್ಲಿ ಎಲ್ಲರೂ ತಮ್ಮ ವಾರ್ಡಿನ ಕಥೆ ಹೇಳುತ್ತಿದ್ದೀರಿ. ಆ ಹುಡುಗಿ ಯಾರನ್ನು ನೋಡಿ ಹೊರಟಿದ್ದಾಳೋ ಅವರ ಊರಿನಲ್ಲಿ ಮನೆಮಾಡಿ ತೆರಿಗೆ ಕಟ್ಟುತ್ತಿರುವವಳು ನಾನು, ಆದ್ದರಿಂದ ಎರಡು ಮಾತು.

ಆರ್ಯಾ ಅವರು ಎಲ್ಲಿಂದಲೋ ಬಂದು ಕುರ್ಚಿಯಲ್ಲಿ ಕುಳಿತವರಲ್ಲ. ತಂದೆ ಎಲೆಕ್ಟ್ರಿಷಿಯನ್, ತಾಯಿ ಎಲ್‌ಐಸಿ ಏಜೆಂಟ್ ಎಂಬುದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದವು, ಗಣಿತದ ಬಿ.ಎಸ್‌ಸಿ. ಓದುತ್ತಿದ್ದ ಹೊತ್ತಿಗೇ ಅವರು ಬಾಲಸಂಘಂ ಎಂಬ ಮಕ್ಕಳ ಸಂಘಟನೆಯ ರಾಜ್ಯ ಅಧ್ಯಕ್ಷೆಯಾಗಿದ್ದರು ಎಂಬುದನ್ನು ಅಷ್ಟಾಗಿ ಬರೆಯಲಿಲ್ಲ. ಮುಡವನ್‌ಮುಗಳ್ ವಾರ್ಡಿನಲ್ಲಿ ನಿಲ್ಲಿಸಿದ್ದು ಅವರ ಸಿಪಿಎಂ ಪಕ್ಷ, 100 ವಾರ್ಡುಗಳ ಪಾಲಿಕೆಗೆ ಮೇಯರ್ ಮಾಡಿದ್ದೂ ಪಕ್ಷ. ಪರಿಚಯದ ಪಕ್ಷವೇ ಇಲ್ಲ ಎನ್ನುವ ಮನೆಯವರು ಇದನ್ನು ಗಮನಿಸಬೇಕು.

ಇನ್ನು ಆದ್ಯತೆಗಳ ವಿಷಯ. ಈ ನಗರದ ಕಸವೆಲ್ಲ ಹಿಂದೆ ವಿಳಪ್ಪಿಲ್‌ಶಾಲಕ್ಕೆ ಹೋಗುತ್ತಿತ್ತು. ಆ ಊರಿನವರು ಹೋರಾಡಿ 2011ರ ಡಿಸೆಂಬರ್‌ನಲ್ಲಿ ಘಟಕವನ್ನು ಮುಚ್ಚಿಸಿದರು. ಅಲ್ಲಿಂದ ಮುಂದೆ ಯಾರೇ ಮೇಯರ್ ಆಗಲಿ, ಕಸವೇ ಅವರ ಮೊದಲ ಪಾಠ. ಮನೆಯ ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡುವುದು, ಪ್ಲಾಸ್ಟಿಕ್ಕನ್ನು ಹರಿತ ಕರ್ಮ ಸೇನೆಯ ಮಹಿಳೆಯರು ಬಂದು ಶುಲ್ಕ ಪಡೆದು ಒಯ್ಯುವುದು ಎಂಬ ಕ್ರಮ ನಡೆದಿದೆ. ಮಹಿಳೆಯರು ಬೀದಿಯಲ್ಲಿ ಒಲೆ ಹೂಡಿ ನೈವೇದ್ಯ ಬೇಯಿಸುವ ಆಟ್ಟುಕಾಲ್ ಪೊಂಗಾಲ ಹಬ್ಬ 2023ರಲ್ಲಿ ಮುಗಿದ ಮೇಲೆ ಬೀದಿಯ ಒಲೆಗಳ ಇಟ್ಟಿಗೆಗಳನ್ನು ಪಾಲಿಕೆಯೇ ಸಂಗ್ರಹಿಸಿ ಬಡವರ ಮನೆ ನಿರ್ಮಾಣಕ್ಕೆ ಕೊಡಲು ಮುಂದಾದದ್ದು ನನಗೆ ಬಹಳ ಮೆಚ್ಚುಗೆಯಾಗಿತ್ತು. ಆದರೆ 2024ರ ಜುಲೈಯಲ್ಲಿ, ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮಯಿಳಂಜಾನ್ ತೋಡು ಎಂಬ ಕಾಲುವೆಯಲ್ಲಿ ಕಸ ತೆಗೆಯಲು ಇಳಿದ ಕಾರ್ಮಿಕನೊಬ್ಬ ಮಳೆನೀರಿಗೆ ಕೊಚ್ಚಿಹೋಗಿ, ಎರಡು ದಿನಗಳ ಬಳಿಕ ಶವವಾಗಿ ಸಿಕ್ಕ. ತೋಡಿನ ಆ ಭಾಗದ ಹೊಣೆ ರೈಲ್ವೆಯದೋ ಪಾಲಿಕೆಯದೋ ಎಂಬ ವಾಗ್ವಾದ ಅವನ ಮನೆಯವರ ಕಿವಿಗೆ ಬೀಳುವಂತೆಯೇ ನಡೆಯಿತು. ಎಷ್ಟು ಗೊಬ್ಬರದ ತೊಟ್ಟಿ ಇಡಿಸಿದರೂ ಜನ ನೆನಪಿಟ್ಟುಕೊಳ್ಳುವುದು ಆ ತೋಡನ್ನು.

2025ರ ಡಿಸೆಂಬರ್ ಚುನಾವಣೆಯಲ್ಲಿ ಆರ್ಯಾ ಅವರ ಹೆಸರು ಅಭ್ಯರ್ಥಿಗಳ ಪಟ್ಟಿಯಲ್ಲಿರಲಿಲ್ಲ. 101 ವಾರ್ಡುಗಳಲ್ಲಿ ಅವರ ಪಕ್ಷವಿರುವ ಎಡರಂಗಕ್ಕೆ ಬಂದದ್ದು 29, ಎನ್‌ಡಿಎಗೆ 50; ಈಗ ಬಿಜೆಪಿಯ ವಿ.ವಿ. ರಾಜೇಶ್ ಮೇಯರ್.

ಉತ್ತರ ಕೊಡಗಿನ ಪಕ್ಷೇತರ

ನಾನು ಹೇಳಿದ್ದೂ ಇದನ್ನೇ. ಐದು ವರ್ಷ ದುಡಿಸಿಕೊಂಡು ಕೈಬಿಟ್ಟರು.

ತಿರುವನಂತಪುರದಲ್ಲಿ ನೆಲೆಸಿರುವ ವಿರಾಜಪೇಟೆಯ ಶುಶ್ರೂಷಕಿ

ನೀವು ಹೇಳಿದ್ದು ಸಿಲ್ವರ್ ಓಕ್ ಮರದ ಕಥೆ, ಇದನ್ನಲ್ಲ. ಇದೇ ಊರಿನಲ್ಲಿ 2015ರಲ್ಲಿ ಮೇಯರ್ ಆದ ವಿ.ಕೆ. ಪ್ರಶಾಂತ್ ಅವರಿಗೆ ಆಗ ಮೂವತ್ತನಾಲ್ಕರ ಆಸುಪಾಸು. 2019ರ ಆಗಸ್ಟ್ ನೆರೆಯಲ್ಲಿ ಉತ್ತರ ಕೇರಳಕ್ಕೆ ಲಾರಿಗಟ್ಟಲೆ ಸಾಮಗ್ರಿ ಕಳುಹಿಸಿದ್ದಕ್ಕೆ ಜನ ಅವರನ್ನು ‘ಮೇಯರ್ ಬ್ರೋ’ ಎಂದು ಕರೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಟ್ಟಿಯೂರ್ಕಾವ್ ಉಪಚುನಾವಣೆ ಗೆದ್ದು ಶಾಸಕರಾದರು. ಒಂದೇ ಕುರ್ಚಿ ಒಬ್ಬರನ್ನು ಮೇಲಕ್ಕೆ ಒಯ್ದಿತು, ಇನ್ನೊಬ್ಬರನ್ನು ಸದ್ಯಕ್ಕೆ ಒಯ್ದಿಲ್ಲ. ಆರ್ಯಾ ಅವರಿಗಿನ್ನೂ ಮೂವತ್ತೂ ತುಂಬಿಲ್ಲ ಎಂಬುದು ನಿಮ್ಮ ನೆನಪಿನಲ್ಲಿರಲಿ.

ದಕ್ಷಿಣ ಕೊಡಗಿನ ಮಾಜಿ ಸದಸ್ಯೆ

2023ರಲ್ಲಿ ಆರ್ಯಾ ಅವರು ಒಂದು ತಿಂಗಳ ಮಗುವನ್ನು ಎತ್ತಿಕೊಂಡು ಕಚೇರಿಯಲ್ಲಿ ಕಡತ ನೋಡುತ್ತಿದ್ದ ಚಿತ್ರ ಬಂದಾಗ, ನನ್ನನ್ನು ಬಸುರಿಯಾಗಿದ್ದಾಗ ‘ರಾಜೀನಾಮೆ ಕೊಟ್ಟು ಆರಾಮ ಮಾಡಮ್ಮ’ ಎಂದು ಹರಸಿದ್ದ ಹಿರಿಯ ಸದಸ್ಯರೇ ಅದನ್ನು ಮೆಚ್ಚಿ ಎಲ್ಲರಿಗೂ ಕಳುಹಿಸಿದ್ದರು. ದೂರದ ಊರಿನ ಹುಡುಗಿಯರ ಸಾಹಸ ಎಲ್ಲರಿಗೂ ಚೆಂದ.

ಕುಶಾಲನಗರದ ಕಡೆಯ ಯುವಕ

ನನ್ನದು ಬೇರೆಯದೇ ನೋವು. ಎರಡು ವರ್ಷ ಒಂದು ವಾರ್ಡಿನಲ್ಲಿ ಬೀದಿದೀಪ, ಚರಂಡಿ, ಪಿಂಚಣಿ ಅರ್ಜಿ ಎಂದು ಓಡಾಡಿ ಮನೆಮನೆಯ ಪರಿಚಯ ಮಾಡಿಕೊಂಡೆ. ಮೀಸಲಾತಿ ಪಟ್ಟಿ ಹೊರಬಿದ್ದಾಗ ಆ ವಾರ್ಡು ನನಗೆ ಅನ್ವಯಿಸದ ವರ್ಗಕ್ಕೆ ಹೋಗಿತ್ತು. ಪಕ್ಕದ ವಾರ್ಡಿನಲ್ಲಿ ನಿಲ್ಲಿ ಎಂದರು. ಅಲ್ಲಿ ನನ್ನ ಮುಖ ಯಾರಿಗೆ ಗೊತ್ತು? ಗೆದ್ದ ಮಿತ್ರರ ಗತಿಯೂ ಇದೇ. 2018ರಲ್ಲಿ ರಾಜ್ಯದ ಅನೇಕ ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದರೂ, ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆ ನಡೆದದ್ದು 2020ರಲ್ಲಿ. ಅಲ್ಲಿಯವರೆಗೆ ಗೆದ್ದವರು ಕೈಕಟ್ಟಿ ಕುಳಿತಿದ್ದರು, ಆಡಳಿತಾಧಿಕಾರಿಗಳೇ ಕಾರಭಾರ ನಡೆಸಿದರು. ಬೆಂಗಳೂರಿನಂಥ ನಗರದಲ್ಲಿಯೇ 2020ರ ಸೆಪ್ಟೆಂಬರ್‌ಗೆ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮೇಯರೇ ಇರಲಿಲ್ಲ. ಕೇರಳದಲ್ಲಿ ಮೇಯರ್ ಐದು ವರ್ಷ ಕುಳಿತು ಕೆಲಸ ಮಾಡಬಹುದು. ನಮ್ಮ ನಗರಸಭೆಗಳಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು, ಆ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿದೆ. ಹೀಗಿರುವಾಗ ಆ ತಂಗಿ ಆರ್ಯಾ ಅವರನ್ನು ನೋಡಿ ಮಡಿಕೇರಿಯಲ್ಲಿ ಹೆಜ್ಜೆ ಇಡುವುದು ಹೇಗೆ?

ನಿವೃತ್ತ ನೌಕರ, ಪುರಸಭೆಯೊಂದರ ಕಂದಾಯ ಶಾಖೆ

ಆಡಳಿತಾಧಿಕಾರಿಗಳ ಕಾಲದಲ್ಲಿ ಕಂದಾಯ ವಸೂಲಿ ಚೆನ್ನಾಗಿತ್ತು ಎಂಬುದನ್ನೂ ಬರೆಯಿರಿ. ‘ನಮ್ಮವರದು ಬಿಡಿ’ ಎಂದು ಫೋನ್ ಮಾಡುವವರು ಯಾರೂ ಇರಲಿಲ್ಲ.

ದಕ್ಷಿಣ ಕೊಡಗಿನ ಮಾಜಿ ಸದಸ್ಯೆ

ವಸೂಲಿ ಚೆನ್ನಾಗಿತ್ತು, ಸರಿ. 2018ರ ಮಳೆಗಾಲದಲ್ಲಿ ಗುಡ್ಡ ಜರಿದಾಗ ಪರಿಹಾರ ಕೇಂದ್ರದಲ್ಲಿ ರಾತ್ರಿ ಯಾರಿದ್ದರು, ಯಾವ ಮನೆಯ ಅಜ್ಜಿಗೆ ಯಾವ ಮಾತ್ರೆ ಬೇಕೆಂದು ಯಾರಿಗೆ ತಿಳಿದಿತ್ತು ಎಂಬುದನ್ನೂ ತಾವು ಬರೆಯಬೇಕು. ಬಯ್ಯಿಸಿಕೊಳ್ಳಲಿಕ್ಕಾದರೂ ಬೀದಿಯಲ್ಲಿ ಒಬ್ಬ ಸದಸ್ಯ ಬೇಕು.

ಕೇಳಿದವರು: ಮಡಿಕೇರಿಯ ಒಬ್ಬ ತಂದೆ

ಎಲ್ಲರಿಗೂ ಕೃತಜ್ಞತೆಗಳು. ಮೇಲಿನದೆಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಸಿಲ್ವರ್ ಓಕ್ ಮರದ ವಿಷಯಕ್ಕೆ ನನ್ನ ಹೆಂಡತಿ ಹೆದರಿದ್ದಾಳೆ. ನೀರಿನ ವಾಲ್ವಿನ ವಿಷಯವನ್ನು ಮಗಳು ಎರಡು ಸಲ ಕೇಳಿಸಿಕೊಂಡಳು. ಆದರೆ ಬೇರೊಂದು ಸಂಗತಿ ಈಗ ಹೊರಬಿತ್ತು: ಅವಳು ತನ್ನ ಹೆಸರನ್ನು ಮಂಗಳೂರಿನ ಮತದಾರರ ಪಟ್ಟಿಗೆ ವರ್ಗಾಯಿಸಿಕೊಂಡಿದ್ದಾಳೆ. ಇದರಿಂದ ತೊಡಕಾಗುತ್ತದೆಯೇ?

ನಿವೃತ್ತ ನೌಕರ, ಪುರಸಭೆಯೊಂದರ ಕಂದಾಯ ಶಾಖೆ

ಖಂಡಿತ ಆಗುತ್ತದೆ. ಅಭ್ಯರ್ಥಿಯ ಹೆಸರು ಆ ನಗರಸಭೆಯ ಯಾವುದಾದರೊಂದು ವಾರ್ಡಿನ ಪಟ್ಟಿಯಲ್ಲಿ ಇರಲೇಬೇಕು, ಸೂಚಕರಾದವರು ಸ್ಪರ್ಧಿಸುವ ವಾರ್ಡಿನವರೇ ಆಗಿರಬೇಕು. ಆಕೆ ಊರಿಗೆ ಬಂದು ನೆಲೆಸಿದ ಕೂಡಲೇ ವಾಸದ ದಾಖಲೆಯೊಂದಿಗೆ ನಮೂನೆ 8ರಲ್ಲಿ ಅರ್ಜಿ ಹಾಕಿ, ವಿಧಾನಸಭಾ ಪಟ್ಟಿಗೆ ಹೆಸರು ಮರಳಿ ಬರಲಿ. ವಾರ್ಡಿನ ಪಟ್ಟಿಯನ್ನು ಅದರಿಂದಲೇ ಸಿದ್ಧಪಡಿಸುತ್ತಾರೆ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ, ಯಾವ ಮೆಂಬರ್ ಫೋನ್ ಮಾಡಿದರೂ ಹೆಸರು ಸಮಯಕ್ಕೆ ಸೇರುತ್ತದೆಂಬ ಭರವಸೆಯಿಲ್ಲ.