ಸ್ಕಾಲರ್‌ಶಿಪ್‌ನಿಂದ ಶುಲ್ಕ ಉಳಿಯುವುದಷ್ಟೇ ಲಾಭವಾ? ಲೆಕ್ಕ ಹೇಗೆ ಹಾಕಬೇಕು?

ಹೊಸಪುಟ:
ನಾಲ್ಕು ವರ್ಷದ ಕೋರ್ಸಿಗೆ ಎರಡು ಕಡೆ ಸೀಟು ಸಿಕ್ಕಿದೆ ಎಂದುಕೊಳ್ಳಿ. ಒಂದು ಕಾಲೇಜು ಪ್ರತಿ ವರ್ಷ ಅರ್ಧ ಶುಲ್ಕ ಮನ್ನಾ ಮಾಡುತ್ತದೆ. ಇನ್ನೊಂದು ವರ್ಷಕ್ಕೆ ಇಂತಿಷ್ಟು ಎಂದು ನಿಗದಿತ ಮೊತ್ತ ಕೊಡುತ್ತದೆ. ಮೊದಲ ವರ್ಷಕ್ಕೆ ಅದೂ ಅರ್ಧ ಶುಲ್ಕಕ್ಕೆ ಸಮ. ಎರಡೂ ಒಂದೇ ತಾನೆ? ಇನ್ನೊಂದು ವಿಷಯ: ಶಿಕ್ಷಣ ಸಾಲ ಹೇಗೂ ಸಿಗುತ್ತದೆ ಎನ್ನುವಾಗ ಅರ್ಜಿ, ಪ್ರಬಂಧ, ಸಂದರ್ಶನ ಎಂದು ತಿಂಗಳುಗಟ್ಟಲೆ ಓಡಾಡುವುದು ಸಾರ್ಥಕವೇ?

ಲೆಕ್ಕಿಗ:
ಎರಡೂ ಒಂದಲ್ಲ. ಶುಲ್ಕ 100 ಎಂದಿಟ್ಟುಕೊಳ್ಳಿ, ವರ್ಷಕ್ಕೆ ಶೇ 6ರಷ್ಟು ಏರುತ್ತದೆ ಎನ್ನಿ. ನಾಲ್ಕನೇ ವರ್ಷಕ್ಕೆ ಅದು 119 ಆಗಿರುತ್ತದೆ. ಅರ್ಧ ಮನ್ನಾ ಇದ್ದವರು ಆಗ ಕಟ್ಟುವುದು 59.5, ನಿಗದಿತ 50 ಪಡೆಯುವವರು ಕಟ್ಟುವುದು 69. ನಾಲ್ಕು ವರ್ಷ ಕೂಡಿಸಿದರೆ ವ್ಯತ್ಯಾಸ ಸುಮಾರು 19, ಅಂದರೆ ಮೊದಲ ವರ್ಷದ ಶುಲ್ಕದ ಐದನೇ ಒಂದು ಪಾಲು. ಶುಲ್ಕ ಏರುವುದಿಲ್ಲ ಎಂದು ಕಾಲೇಜು ಬರೆದು ಕೊಟ್ಟಿದ್ದರೆ ಮಾತ್ರ ಎರಡೂ ಸಮ.

ಸಾಲದ ಮಾತಿಗೆ ಬಂದರೆ, ಹೆಚ್ಚಿನವರು ಎಡವುವುದು ಇಲ್ಲೇ. ವರ್ಷಕ್ಕೆ 100ರಂತೆ ನಾಲ್ಕು ವರ್ಷ ಸಾಲ, ಬಡ್ಡಿ ಶೇ 10, ಓದುವಾಗ ಬಡ್ಡಿ ಕಟ್ಟದೆ ಅಸಲಿಗೇ ಸೇರಿಸುತ್ತಾ ಹೋದರೆ ಕೋರ್ಸ್ ಮುಗಿಯುವ ಹೊತ್ತಿಗೆ ಬಾಕಿ 400 ಅಲ್ಲ, ಸುಮಾರು 510. ಅದನ್ನು ಹತ್ತು ವರ್ಷದಲ್ಲಿ ಸಮನಾದ ವಾರ್ಷಿಕ ಕಂತುಗಳಲ್ಲಿ ತೀರಿಸಿದರೆ ಒಂದೊಂದು ಕಂತು 83, ಒಟ್ಟು 830. ಮಂಜೂರಾತಿ ಪತ್ರದಲ್ಲಿ 400 ಎಂದು ಕಾಣುವ ಸ್ಕಾಲರ್‌ಶಿಪ್ ನಿಮ್ಮ ಕೈಯಿಂದ ಹೋಗಬೇಕಿದ್ದ 830ನ್ನು ಉಳಿಸಿದೆ! ಅರ್ಜಿಯ ಶ್ರಮವನ್ನು ತೂಗಬೇಕಾದ್ದು ಈ ಮೊತ್ತದ ಎದುರು. ಅದರಲ್ಲೂ ಮೊದಲ ವರ್ಷದ ಸಾಲವೇ ಹೆಚ್ಚು ಕಾಲ ಬೆಳೆಯುವುದರಿಂದ, ಮೊದಲ ವರ್ಷಕ್ಕೆ ಸಿಗುವ ಹಣಕ್ಕೆ ಬೆಲೆ ಜಾಸ್ತಿ.

ಮೂರನೇಬೆಂಚು:
ಹಣದ ಲೆಕ್ಕಕ್ಕೆ ಸಮಯದ ಲೆಕ್ಕವನ್ನೂ ಸೇರಿಸಿ. ಖರ್ಚಿಗಾಗಿ ವಾರಕ್ಕೆ 15 ಗಂಟೆ ಪಾರ್ಟ್‌ಟೈಮ್ ಕೆಲಸ ಮಾಡುವವರಿಗೆ 30 ವಾರದ ತರಗತಿಗಳ ಅವಧಿಯಲ್ಲಿ ಹೋಗುವುದು 450 ಗಂಟೆ. ಲ್ಯಾಬ್ ಇರುವ ಕೋರ್ಸುಗಳಲ್ಲಿ ಈ ಪೆಟ್ಟು ಜೋರು: ಪ್ರಯೋಗ ಮುಗಿದರೂ ವರದಿ ಬರೆಯುವ ಕೆಲಸ ಸಂಜೆಗೇ ಬೀಳುತ್ತದೆ, ಶಿಫ್ಟ್ ಇರುವುದೂ ಸಂಜೆಗೇ. ಸ್ಕಾಲರ್‌ಶಿಪ್ ಇದ್ದವರು ಆ ಹೊತ್ತನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಕೈಜೋಡಿಸಲು ಬಳಸಬಹುದು. ಮುಂದಿನ ಪ್ರವೇಶಕ್ಕೆ ಬೇಕಾಗುವ ಶಿಫಾರಸು ಪತ್ರಕ್ಕೆ ತಿರುಳು ಬರುವುದು ಅಲ್ಲಿಂದಲೇ.

ಕೆಲಸ ಆರಿಸಿಕೊಳ್ಳುವಾಗಲೂ ವ್ಯತ್ಯಾಸ ಕಾಣುತ್ತದೆ. ಕಂತಿನ ಭಾರ ಇಲ್ಲದವರು ಸಂಬಳ ಸ್ವಲ್ಪ ಕಡಿಮೆಯಾದರೂ ಕಲಿಯಲು ಸಿಗುವ ಕಡೆ ಸೇರಬಹುದು. ರೆಸ್ಯೂಮೆಯಲ್ಲಿ ಬರೆಯುವಾಗ ಬರೀ ಹೆಸರು ಹಾಕಬೇಡಿ. ಯಾವ ಆಧಾರದ ಮೇಲೆ ಆಯ್ಕೆಯಾಯಿತು, ಎಷ್ಟು ವರ್ಷಕ್ಕೆ ಎಂದು ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಓದುವವರಿಗೆ ಅದರ ತೂಕ ತಿಳಿಯುವುದಿಲ್ಲ.

ಶಾಯಿ:
ಮೇಲಿನ ಲಾಭವೆಲ್ಲ ನಿಂತಿರುವುದು ನವೀಕರಣದ ಮೇಲೆ. ಷರತ್ತಿನ ಪುಟವನ್ನು ದಯವಿಟ್ಟು ಸಾಲುಸಾಲಾಗಿ ಓದಿ.

ಅಂಕದ ಮಿತಿ ಪ್ರತಿ ಸೆಮಿಸ್ಟರಿಗೋ, ವರ್ಷಕ್ಕೋ, ಒಟ್ಟು ಸರಾಸರಿಗೋ ನೋಡಿ. ಸೆಮಿಸ್ಟರ್ ಲೆಕ್ಕವಾದರೆ ಒಂದು ಪರೀಕ್ಷೆ ಕೈಕೊಟ್ಟರೂ ಹೋಯಿತು. ಸರಾಸರಿಯಾದರೆ ಮೊದಲ ಸೆಮಿಸ್ಟರ್ ನಿರ್ಣಾಯಕ: ಹತ್ತಕ್ಕೆ 8 ಮಿತಿ ಇದ್ದು ಮೊದಲು 7 ಬಂದರೆ, ಎರಡನೆಯದರಲ್ಲಿ 9 ತೆಗೆದರಷ್ಟೇ ಸರಿಹೋಗುತ್ತದೆ. ಒಮ್ಮೆ ಕೆಳಗಿಳಿದರೆ ತಕ್ಷಣ ರದ್ದೋ, ಸುಧಾರಿಸಿಕೊಳ್ಳಲು ಒಂದು ಅವಧಿ ಕೊಡುತ್ತಾರೋ ಎಂಬುದು ಇನ್ನೂ ಮುಖ್ಯ.

ಅನೇಕರು ಕಳೆದುಕೊಳ್ಳುವುದು ಅಂಕದಿಂದಲ್ಲ, ವಿಷಯ ಕೈಬಿಟ್ಟಿದ್ದರಿಂದ. ಕಷ್ಟವೆಂದು ಒಂದು ವಿಷಯ ಬಿಟ್ಟಾಗ ಕ್ರೆಡಿಟ್ (ಪ್ರತಿ ವಿಷಯಕ್ಕೆ ಇಂತಿಷ್ಟು ಎಂದಿರುವ ಓದಿನ ಅಳತೆ) ಸಂಖ್ಯೆ ಪೂರ್ಣಾವಧಿಯ ಮಿತಿಗಿಂತ ಕೆಳಗಿಳಿಯುತ್ತದೆ, ಸ್ಕಾಲರ್‌ಶಿಪ್ ನಿಲ್ಲುತ್ತದೆ. ಬಿಡುವ ಮುಂಚೆ ಸ್ಕಾಲರ್‌ಶಿಪ್ ಕಚೇರಿಯನ್ನು ಕೇಳಿ, ಬಿಟ್ಟ ಮೇಲಲ್ಲ.

ಓದಿನ ನಂತರದ ಬಾಧ್ಯತೆಯೂ ಇರಬಹುದು. ಬ್ರಿಟನ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್ ಪಡೆದವರು ಕೋರ್ಸ್ ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಬ್ರಿಟನ್ನಿನಲ್ಲೇ ಕೆಲಸಕ್ಕೆ ನಿಲ್ಲುವ ಯೋಚನೆ ಇದ್ದವರು ಇದನ್ನು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಬೇಕು.

ಹೊಸಪುಟ:
ತುಂಬಾ ಉಪಯೋಗವಾಯಿತು. ಕಾಲೇಜಿನ ನೆರವಿನ ಜೊತೆ ಹೊರಗಿನ ಟ್ರಸ್ಟಿನ ಸ್ಕಾಲರ್‌ಶಿಪ್ಪೂ ಸಿಕ್ಕರೆ ಎರಡನ್ನೂ ಇಟ್ಟುಕೊಳ್ಳಬಹುದೇ?

ಶಾಯಿ:
ಯಾವಾಗಲೂ ಅಲ್ಲ. ಹೊರಗಿನ ಹಣ ಬಂತೆಂದು ಕೆಲವು ಕಾಲೇಜುಗಳು ತಮ್ಮ ನೆರವನ್ನು ಅಷ್ಟೇ ಇಳಿಸುತ್ತವೆ. ಆಗ ನಿಮ್ಮ ಪಾಲು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೆಲವು ಕಡೆ ಮೊದಲು ಸಾಲದ ಭಾಗ ಇಳಿಸುತ್ತಾರೆ, ಅದು ನಿಮಗೆ ಒಳ್ಳೆಯದೇ. ಹಾಗೆಂದು ಮುಚ್ಚಿಡಬೇಡಿ, ಗೊತ್ತಾದಾಗ ವಸೂಲಿಗೆ ಬರುತ್ತಾರೆ. ಟ್ರಸ್ಟಿಗೂ ಬರೆದು, ಹಣವನ್ನು ಹಾಸ್ಟೆಲ್ ಅಥವಾ ಪುಸ್ತಕಕ್ಕೆ ತಿರುಗಿಸಬಹುದೇ, ಮುಂದಿನ ವರ್ಷಕ್ಕೆ ಕಾಯ್ದಿರಿಸಬಹುದೇ ಎಂದು ಕೇಳಿ. ಕಾಲೇಜಿಗೆ ಇಮೇಲ್‌ನಲ್ಲೇ ಹೀಗೆ ಕೇಳಿ, ಉತ್ತರ ಜೋಪಾನವಾಗಿಡಿ: "ಹೊರಗಿನ ಸ್ಕಾಲರ್‌ಶಿಪ್ ಬಂದರೆ ನನ್ನ ನೆರವಿನ ಯಾವ ಭಾಗ ಮೊದಲು ಕಡಿಮೆಯಾಗುತ್ತದೆ? ಶುಲ್ಕ ಕಟ್ಟುವ ಕೊನೆಯ ದಿನದ ನಂತರ ಆ ಹಣ ಜಮೆಯಾದರೆ ದಂಡ ಬೀಳುತ್ತದೆಯೇ?"